ಆ 16 ಟಿಬಿ ಡಬ್ಬಿ ಇನ್ನೆರಡು ತರಿಸುವ ಮೊದಲು

ತಮ್ಮಾ, ಗ್ರೂಪಿನಲ್ಲಿ ನೀನು ಹಾಕಿದ ಫೋಟೋ ನೋಡಿದೆ. ಕೈಯಲ್ಲಿ ಬೆಂಕಿಪೊಟ್ಟಣದಷ್ಟು ಡಬ್ಬಿ, ಪಕ್ಕದ ಸ್ಕ್ರೀನ್ ಮೇಲೆ 14.5 ಟಿಬಿ ಖಾಲಿ ಅಂತ. 1,899 ರೂಪಾಯಿಗೆ 16 ಟಿಬಿ ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್) ಸಿಕ್ಕಿತು, ಕಾಪಿ ಚೆನ್ನಾಗೇ ಆಗುತ್ತಿದೆ, ಇನ್ನೆರಡು ತರಿಸುತ್ತೇನೆ, ಯಾರಿಗೆ ಬೇಕು ಹೇಳಿ ಅಂದಿದ್ದೀಯ. ಕೆಳಗೆ ಆಗಲೇ ಹನ್ನೊಂದು ಜನ "ನನಗೂ ಒಂದು". ಕೊಂಡಜ್ಜಿ ಕೆರೆ ಹತ್ತಿರ ಸಿಕ್ಕಾಗ ಅಣ್ಣಾ ಅಂದವನು ನೀನು, ಆ ಸಲುಗೆಯಲ್ಲಿ ಬೈಯುತ್ತೇನೆ. ಬೇಜಾರಾಗಬೇಡ.

ಒಂದು ಟಿಬಿ ಅಂದರೆ ಸಾವಿರ ಜಿಬಿ. ಜಿಬಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದೆಯಾ? ಹನ್ನೆರಡು ಪೈಸೆ. 2023ರಲ್ಲಿ ನಾನು ಒಳ್ಳೆಯ 1 ಟಿಬಿ ಕೊಂಡಾಗ ಏಳೂವರೆ ಸಾವಿರ ಕೊಟ್ಟೆ, ಅಂದರೆ ಜಿಬಿಗೆ ಏಳೂವರೆ ರೂಪಾಯಿ. ಅರವತ್ತು ಪಟ್ಟು ವ್ಯತ್ಯಾಸ. ನಮ್ಮ ಎಪಿಎಂಸಿಯಲ್ಲಿ ಯಾರೋ ಬಂದು ಮೆಕ್ಕೆಜೋಳ ಕ್ವಿಂಟಲಿಗೆ ನಲವತ್ತು ರೂಪಾಯಿ ಅಂದರೆ ಚೀಲ ಬಿಚ್ಚಿ ನೋಡದೆ ಕೊಳ್ಳುತ್ತೀಯಾ?

ನಾನು ಕೊಂಡಿದ್ದೆ, ಅದಕ್ಕೇ ಹೇಳುತ್ತಿರುವುದು. 2021ರಲ್ಲಿ 4 ಟಿಬಿ, 2,200 ರೂಪಾಯಿ. ಆಗ ಜಗಳೂರು ಕಡೆ ರಂಗಯ್ಯನದುರ್ಗಕ್ಕೆ ಎರಡು ದಿನ ಹೋಗಿದ್ದೆ. ಎರಡನೇ ದಿನ ಸಂಜೆ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಸಿಕ್ಕಿತು, ಗಂಡು. ಹಿಂದಿನ ಎರಡು ಕೊಂಬು ಉದ್ದ, ಮುಂದಿನವು ಮೊಳಕೆ ಥರ. ನೀರಿಗೆ ಬಗ್ಗಿ, ತಲೆ ಎತ್ತಿ, ನನ್ನ ಕಡೆಯೇ ನೋಡಿತು. ಹನ್ನೊಂದು ಫ್ರೇಮ್. ಮನೆಗೆ ಬಂದು ಎರಡು ಕಾರ್ಡಿನದ್ದೂ ಡಬ್ಬಿಗೆ ಸುರಿದೆ, ಒಟ್ಟು 118 ಜಿಬಿ. ಹೆಸರು, ಗಾತ್ರ, ತಾರೀಖು ಎಲ್ಲ ಸರಿಯಾಗಿಯೇ ಕಂಡಿತು. ಭಾನುವಾರ ನೆಂಟರ ಗೃಹಪ್ರವೇಶ ಇತ್ತು, ರಾತ್ರಿಯೇ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. ತಿಂಗಳ ಮೇಲೆ ಎಡಿಟ್‌ಗೆ ಕೂತರೆ ಮೊದಲ ದಿನದ್ದು ತೆರೆಯುತ್ತದೆ, ಎರಡನೇ ದಿನದ್ದು ಬರೀ ಬೂದು ಚೌಕ. ಹೆಸರು ಇದೆ, ಕುರಿ ಇಲ್ಲ.

ಸಿಟ್ಟಿಗೆ ಚಾಕುವಿನಿಂದ ಅಂಚು ಎಬ್ಬಿಸಿದೆ. ಒಳಗೆ ಉಗುರಗಲದ ಹಸಿರು ಬೋರ್ಡು, ಅದಕ್ಕೆ ಬಿಸಿ ಗೋಂದಿನಲ್ಲಿ ಅಂಟಿಸಿದ 64 ಜಿಬಿ ಮೆಮೊರಿ ಕಾರ್ಡ್, ತೂಕಕ್ಕೆ ಒಂದು ಕಬ್ಬಿಣದ ತುಂಡು. ಅಷ್ಟೇ. ಕಂಪ್ಯೂಟರ್ ಕೇಳಿದಾಗ "ನಾನು 4 ಟಿಬಿ" ಅಂತ ಸುಳ್ಳು ಹೇಳುವ ಹಾಗೆ ಬೋರ್ಡಿನ ಚಿಪ್ ಅನ್ನು ತಿದ್ದಿರುತ್ತಾರೆ. ಫೈಲುಗಳ ಪಟ್ಟಿ ಕಾರ್ಡಿನ ಶುರುವಿನಲ್ಲೇ ಕೂರುವುದರಿಂದ ಹೆಸರೆಲ್ಲ ಕಾಣುತ್ತದೆ. ಕಾರ್ಡ್ ತುಂಬಿದ ಮೇಲೆ ಬಂದದ್ದು ಗಾಳಿಗೆ ಹೋಗುತ್ತದೆ, ಇಲ್ಲವೇ ಹಳೆಯದರ ಮೇಲೆ ಕೂರುತ್ತದೆ. ಕಾಪಿ ಚೆನ್ನಾಗಿ ಆಯಿತು ಅನ್ನುವುದು ಸಾಕ್ಷಿಯೇ ಅಲ್ಲ.

ಇನ್ನೊಂದು ಮಜಾ ನೋಡು. ಇಂಥ ಡಬ್ಬಿಗೆ ಸೆಕೆಂಡಿಗೆ 25 ಎಂಬಿ ಹೋದರೆ ದೊಡ್ಡದು. ಆ ಲೆಕ್ಕದಲ್ಲಿ 16 ಟಿಬಿ ತುಂಬಿಸಲು ಏಳು ದಿನಕ್ಕೂ ಜಾಸ್ತಿ ಬೇಕು. ಯಾರೂ ತುಂಬಿಸುವುದಿಲ್ಲ. ಗೊತ್ತಾಗುವಷ್ಟರಲ್ಲಿ ವಾಪಸ್ ಮಾಡುವ ಗಡುವು ಮುಗಿದಿರುತ್ತದೆ.

ಈಗ ನಾನು ಯಾವ ಡ್ರೈವ್ ತಂದರೂ, ಕಂಪನಿಯದ್ದಾದರೂ ಸರಿ, ಮೊದಲು ಎಚ್2ಟೆಸ್ಟ್‌ಡಬ್ಲ್ಯೂ ಓಡಿಸುತ್ತೇನೆ. ಪುಕ್ಕಟೆ ಸಾಫ್ಟ್‌ವೇರ್, ವಿಂಡೋಸ್‌ಗೆ. ಮ್ಯಾಕ್, ಲಿನಕ್ಸ್ ಇದ್ದವರಿಗೆ ಎಫ್3. ಡ್ರೈವಿನ ತುಂಬ ಗೊತ್ತಿರುವ ಡೇಟಾ ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ಚೀಲದ ಮೇಲಿನ ಬರಹ ನಂಬದೆ ಸುರಿದು ತೂಗಿದ ಹಾಗೆ. ಖಾಲಿ ಡ್ರೈವಿನಲ್ಲೇ ಓಡಿಸು. ನಿನ್ನದಕ್ಕೆ ಪೂರ್ತಿ ಬೇಡ, 200 ಜಿಬಿ ಅಂತ ಮಿತಿ ಕೊಟ್ಟರೆ ಸಾಕು, ಸಾಮಾನ್ಯವಾಗಿ ಅಷ್ಟರಲ್ಲೇ ಬಣ್ಣ ಬಯಲಾಗುತ್ತದೆ. ಅಕಸ್ಮಾತ್ ಒಳಗೆ 256 ಜಿಬಿ ಕಾರ್ಡ್ ಇದ್ದರೆ ಪಾಸಾಗಿಬಿಡಬಹುದು, ಆದ್ದರಿಂದ ಪಾಸಾಯಿತು ಅಂತ ಕುಣಿಯಬೇಡ. ಸ್ಯಾಮ್‌ಸಂಗ್‌ನ ಟಿ5 ಇವೊ ಅನ್ನುವ ಎಸ್‌ಎಸ್‌ಡಿ 2023ರಲ್ಲಿ ಬಂತು, ಅದರಲ್ಲೇ ದೊಡ್ಡದು 8 ಟಿಬಿ, ಬೆಲೆ ಹತ್ತಾರು ಸಾವಿರ. ನಿನಗೆ ಅದರ ಎರಡರಷ್ಟು 1,899ಕ್ಕೆ ಯಾವ ಪುಣ್ಯಾತ್ಮ ಕೊಡುತ್ತಾನೆ?

ಮೇಲೆ ಇನ್ನೊಬ್ಬರು, ನನ್ನ 1 ಟಿಬಿಯಲ್ಲಿ 931 ಮಾತ್ರ ತೋರಿಸುತ್ತಿದೆ, ಇದೂ ಮೋಸ ಅಂದಿದ್ದಾರೆ. ಅಲ್ಲ ಸರ್, ಅದು ಸರಿಯಾಗಿಯೇ ಇದೆ. ಕಂಪನಿಯವರು ಸಾವಿರದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರಲ್ಲಿ. 500 ಜಿಬಿ ಅಂದರೆ 465 ಕಾಣುತ್ತದೆ. ಸುಮ್ನೆ ಅಂಗಡಿಯವರ ಜತೆ ಜಗಳ ಬೇಡ.

ಎಷ್ಟು ಟಿಬಿ ತಗೋಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಹೇಳುತ್ತೇನೆ. ಕುಂದವಾಡ ಕೆರೆಯಲ್ಲಿ ಒಂದು ಭಾನುವಾರ 600 ರಾ ಫೈಲು (ಕ್ಯಾಮೆರಾದ ಕಚ್ಚಾ ಫೋಟೋ), ಒಂದಕ್ಕೆ 25 ಎಂಬಿ, ಅಲ್ಲಿಗೆ 15 ಜಿಬಿ. ತಿಂಗಳಿಗೆ 60, ವರ್ಷಕ್ಕೆ 720. ಏನೂ ಅಳಿಸದಿದ್ದರೂ 1 ಟಿಬಿ ವರ್ಷ ದಾಟುತ್ತದೆ. ಅಲುಗಾಡಿದ ಬೆಳ್ಳಕ್ಕಿಯನ್ನೆಲ್ಲ ಇಟ್ಟುಕೊಳ್ಳುವುದು ಬಿಟ್ಟರೆ ಎರಡು ವರ್ಷ. ಮದುವೆ ವಿಡಿಯೋ ಮಾಡುವವರದ್ದು ಬೇರೆ ಕಥೆ. 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ಗಂಟೆಗೆ 45 ಜಿಬಿ. ಅವರು 2 ಟಿಬಿಯಿಂದಲೇ ಶುರು ಮಾಡಲಿ. 500 ಜಿಬಿ ಮಾತ್ರ ಯಾರೂ ತಗೋಬೇಡಿ, ಜಿಬಿ ಲೆಕ್ಕದಲ್ಲಿ ಅದೇ ದುಬಾರಿ.

ಕಂಪನಿ ಕೇಳಿದರೆ ನನ್ನ ಓಟು ಸ್ಯಾಮ್‌ಸಂಗ್ ಟಿ7ಗೆ. ಮಳೆ, ಧೂಳಿಗೆ ಹೋಗುವವರು ರಬ್ಬರ್ ಹೊದಿಕೆಯ ಟಿ7 ಶೀಲ್ಡ್ ತಗೊಳ್ಳಿ. ಬೆರಳ ಗುರುತಿಗೆ ತೆರೆಯುವ ಮಾಡೆಲ್ ದುಡ್ಡು ದಂಡ. ಕ್ರೂಶಿಯಲ್ ಎಕ್ಸ್6 ಎರಡನೇ ಕಾಪಿ ಇಡಲು ಸಾಕು. ಅದು ಕ್ಯೂಎಲ್‌ಸಿ (ಒಂದೊಂದು ಕೋಶದಲ್ಲಿ ನಾಲ್ಕು ಬಿಟ್ ತುರುಕುವ ಮೆಮೊರಿ), ಒಂದೇ ಸಲ ನೂರಾರು ಜಿಬಿ ಸುರಿದರೆ ಅರ್ಧದಲ್ಲಿ ಸುಸ್ತಾಗುತ್ತದೆ. ಅದೇ ಕಂಪನಿಯ ಎಕ್ಸ್9 ಪ್ರೊ ಟಿಎಲ್‌ಸಿ (ಕೋಶಕ್ಕೆ ಮೂರೇ ಬಿಟ್), ಆ ಕಾಟ ಕಡಿಮೆ. ಇನ್ನು ಸೆಕೆಂಡಿಗೆ 2,000 ಎಂಬಿ ವೇಗ ಅಂತ ಬರೆದದ್ದಕ್ಕೆ ಮರುಳಾಗಬೇಡಿ. ಅದಕ್ಕೆ 20 ಜಿಬಿಪಿಎಸ್ (ಸೆಕೆಂಡಿಗೆ 20 ಗಿಗಾಬಿಟ್) ಯುಎಸ್‌ಬಿ ಪೋರ್ಟ್ ಬೇಕು, ನಮ್ಮಲ್ಲಿ ಎಷ್ಟು ಜನರ ಲ್ಯಾಪ್‌ಟಾಪಿನಲ್ಲಿದೆ? ವೇಗ ಬರುತ್ತಿಲ್ಲ ಅನ್ನುವವರು ಮೊದಲು ಕೇಬಲ್ ನೋಡಿ. ಮೊಬೈಲ್ ಚಾರ್ಜರಿನ ಟೈಪ್ ಸಿ ಕೇಬಲ್ ಹಾಕಿಕೊಂಡು 40 ಎಂಬಿ ಬರುತ್ತಿದೆ ಅಂತ ಅಳುವವರನ್ನು ನೋಡಿದ್ದೇನೆ. ಡಬ್ಬಿಯ ಜತೆ ಬಂದ ಕುಳ್ಳ ಕೇಬಲ್ಲೇ ಹಾಕಬೇಕು.

ಎಸ್‌ಎಸ್‌ಡಿಯಲ್ಲಿ ತುಂಬಿಸಿ ವರ್ಷಗಟ್ಟಲೆ ಬೀರುವಿನಲ್ಲಿ ಇಟ್ಟುಬಿಡುವ ಅಭ್ಯಾಸವೂ ಬೇಡ. ಕರೆಂಟಿಲ್ಲದೆ ಬಿದ್ದಿದ್ದರೆ ಡೇಟಾ ನಿಧಾನಕ್ಕೆ ಸವೆಯಬಹುದು. ಹಳೆಯದಕ್ಕೆ ಹಾರ್ಡ್‌ಡಿಸ್ಕ್‌ನಲ್ಲಿ ಇನ್ನೊಂದು ಕಾಪಿ ಇರಲಿ.

ಮೊದಲೇ ಕೇಳಬೇಕಿತ್ತು, ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿಲ್ಲ ತಾನೇ? ಮಾಡಬೇಡ. ಡಬ್ಬಿ ಇವತ್ತೇ ವಾಪಸ್ ಹಾಕು, ಆ ಹನ್ನೊಂದು ಜನಕ್ಕೂ ಬೇಡ ಅಂತ ಹೇಳು. ನನ್ನ ಹತ್ತಿರ ಒಂದು ಹಳೆಯ 500 ಖಾಲಿ ಇದೆ, ಭಾನುವಾರ ಬೆಳಗ್ಗೆ ಕುಂದವಾಡಕ್ಕೆ ತರುತ್ತೇನೆ. ಹೊಸದು ಬರುವ ತನಕ ಇಟ್ಟುಕೋ. ಕೇಬಲ್ ಸಮೇತ ವಾಪಸ್ ಕೊಡಬೇಕು ಮತ್ತೆ.