ಒಂದೇ ಸಲ ಕುಡಿತ ಬಿಡುವ ಮುಂಚೆ ಡಾಕ್ಟರನ್ನು ನೋಡಿ

ಹತ್ತು ವರ್ಷದಿಂದ ದಿನಾ ಕುಡಿಯುವ ನಿಮ್ಮ ಅಣ್ಣ ನಾಳೆಯಿಂದಲೇ ಪೂರ್ತಿ ಬಿಡುತ್ತೇನೆ ಅಂದಿದ್ದಾರೆ, ಮನೆಯಲ್ಲೇ ಬಿಡಿಸಬಹುದಾ ಅಂತ ಕೇಳಿದ್ದೀರಿ. ಅವರಿಗೆ ಆ ಮನಸ್ಸು ಬಂದಿದ್ದೇ ದೊಡ್ಡದು. ಆದರೆ ದಯವಿಟ್ಟು ಡಾಕ್ಟರನ್ನು ಕೇಳದೆ ಒಂದೇ ಸಲ ನಿಲ್ಲಿಸಬೇಡಿ.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ದಿನಾ ಕುಡಿದರೆ ಮಿದುಳು ಅದಕ್ಕೆ ಎದುರಾಗಿ ಜಾಸ್ತಿ ಚುರುಕಾಗಿರಲು ಒಗ್ಗಿಕೊಳ್ಳುತ್ತದೆ. ಕುಡಿತ ಥಟ್ಟನೆ ನಿಂತಾಗ ಆ ಚುರುಕು ಕೈಮೀರುತ್ತದೆ. 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ 2 ದಿನದಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. 2ರಿಂದ 4ನೇ ದಿನದೊಳಗೆ ಜ್ವರ, ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾದರೆ ಜೀವಕ್ಕೇ ಅಪಾಯ. ಸುಮ್ನೆ ನಾಟಕ ಅಂತ ಬೈಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮುಂಚೆಯೇ ಹೋದರೆ ಕೆಲವು ದಿನ ಮಾತ್ರೆ ಕೊಟ್ಟು, ನಿಧಾನವಾಗಿ ಡೋಸ್ ಇಳಿಸುತ್ತಾರೆ. ಜೊತೆಗೆ ಬಿ1 ವಿಟಮಿನ್ ಕೊಡುತ್ತಾರೆ. ಅದರ ಕೊರತೆ ತೀರಾ ಹೆಚ್ಚಾದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹಾಳಾಗಬಹುದು.

ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತಾ? ಹಾಗಿದ್ದರೆ ಅದನ್ನು ಮೊದಲೇ ಹೇಳಿ, ಅಡ್ಮಿಟ್ ಆಗಬೇಕಾಗಬಹುದು. ನೀವೂ ಜೊತೆಗೆ ಹೋಗಿ. ಎಷ್ಟು ಕುಡಿಯುತ್ತಾರೆ ಅನ್ನುವುದನ್ನು ತುಂಬಾ ಜನ ಕಡಿಮೆ ಮಾಡಿಯೇ ಹೇಳುತ್ತಾರೆ, ಡಾಕ್ಟರಿಗೆ ಸರಿಯಾದ ಲೆಕ್ಕ ಬೇಕು.