‘ಕೊಡಲು ಬರುವುದಿಲ್ಲ’ ಎಂದವರ ಪರವಾಗಿ: ಸಂಪಾದಕರ ಉತ್ತರ

(ದಾವಣಗೆರೆಯ ವಿದ್ಯಾನಗರದಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇದು: ಪತ್ನಿಯ ಔಷಧಿಗಾಗಿ ಪಿ.ಜೆ. ಬಡಾವಣೆಯ ಮೆಡಿಕಲ್ ಶಾಪ್ ಒಂದರಲ್ಲಿ ಸಂಜೆ ಅರ್ಧ ಗಂಟೆ ನಿಲ್ಲಬೇಕಾಯಿತು. ಸರದಿ ಬಂದಾಗ ಚೀಟಿಯಲ್ಲಿ ಬರೆದ ಕಂಪನಿಯ ಬಿ.ಪಿ. ಮಾತ್ರೆ ಇರಲಿಲ್ಲ. ಅದೇ ಔಷಧದ ಬೇರೆ ಕಂಪನಿಯದನ್ನು ಕೊಡಿ ಎಂದರೆ, ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ ಎಂದರು. ನಿದ್ರೆ ಮಾತ್ರೆಗೆ ಚೀಟಿ ಹಳೆಯದಾಯಿತು ಎಂದು ಅದನ್ನೂ ಕೊಡಲಿಲ್ಲ. ಮಾತೂ ಒರಟಾಗಿತ್ತು. “ಪೊಟ್ಟಣ ಎತ್ತಿಕೊಡುವವರಿಗೆ ಇಷ್ಟೊಂದು ದರ್ಪ ಏಕೆ? ಇದನ್ನು ಯಾರಿಗೆ ದೂರಬೇಕು?” ಎಂಬುದು ಅವರ ಪ್ರಶ್ನೆ.)

ಮಾನ್ಯರೇ,

ಹಳೆಯ ಗಿರಾಕಿಯಾದ ನಿಮ್ಮೊಂದಿಗೆ, ಅದೂ ವಯಸ್ಸಾದವರೊಂದಿಗೆ, ಅವರು ಒರಟಾಗಿ ಮಾತನಾಡಬಾರದಿತ್ತು. ಆ ಮಟ್ಟಿಗೆ ನಿಮ್ಮ ದೂರು ನ್ಯಾಯವಾದದ್ದು. ಆದರೆ ಅವರು ಎರಡು ಸಲ ‘ಇಲ್ಲ’ ಎಂದರಲ್ಲ, ಆ ಎರಡರಲ್ಲೂ ತಪ್ಪೇನೂ ನನಗೆ ಕಾಣುತ್ತಿಲ್ಲ. ನಿಮ್ಮ ಪತ್ರವನ್ನು ಓದುವ ಬಹುಮಂದಿ ತಲೆದೂಗುತ್ತಾರೆ ಎಂಬುದು ಗೊತ್ತಿರುವುದರಿಂದಲೇ ಉತ್ತರವನ್ನು ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲು ಬಿ.ಪಿ. ಮಾತ್ರೆಯ ವಿಷಯ. 1945ರ ಔಷಧ ನಿಯಮಗಳಲ್ಲಿ 65ನೆಯದು ಅಂಗಡಿಯ ಪರವಾನಗಿಗೆ ಸಂಬಂಧಿಸಿದ ಷರತ್ತುಗಳನ್ನು ಹೇಳುತ್ತದೆ. ಅದರ ಪ್ರಕಾರ ಷೆಡ್ಯೂಲ್ ಎಚ್, ಎಚ್1 ಅಥವಾ ಎಕ್ಸ್ ಪಟ್ಟಿಯ, ಅಂದರೆ ಚೀಟಿ ಇದ್ದರೆ ಮಾತ್ರ ಮಾರಬಹುದಾದ, ಔಷಧವನ್ನು ವೈದ್ಯರು ಬರೆದಿದ್ದರೆ, ಅದರ ಬದಲಿಗೆ ಬೇರೊಂದನ್ನು, ಒಳಗಿನ ಔಷಧ ಒಂದೇ ಆಗಿದ್ದರೂ ಸಹ, ಅಂಗಡಿಯವರು ಕೊಡುವಂತಿಲ್ಲ. ಈ ನಿಯಮ ರೋಗಿಗೆ ತೊಂದರೆ ಕೊಡುತ್ತದೆ, ಇದನ್ನು ಬದಲಾಯಿಸಬೇಕು ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಎಷ್ಟೋ ಅಂಗಡಿಗಳಲ್ಲಿ ಹೀಗೆ ಬದಲಿ ಕೊಡುವುದು ದಿನನಿತ್ಯದ ರೂಢಿ ಎಂಬುದೂ ನಿಜ. ಹಾಗೆ ಕೊಟ್ಟವರು ಒಳ್ಳೆಯವರೆನಿಸಿಕೊಳ್ಳುತ್ತಾರೆ. ನಿಯಮವನ್ನು ಪಾಲಿಸಿದವರು ನಿಮ್ಮ ಪತ್ರದಲ್ಲಿ ದರ್ಪದವರಾದರು.

ನಿದ್ರೆ ಮಾತ್ರೆಯ ವಿಷಯ ಇನ್ನೂ ಸ್ಪಷ್ಟ. ಚೀಟಿಯ ಮೇಲೆ ‘ಮತ್ತೆ ಕೊಡಬಹುದು’ ಎಂದು ವೈದ್ಯರು ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧಿ ಕೊಡಬೇಕೆಂದು ಅದೇ ನಿಯಮ ಹೇಳುತ್ತದೆ. ಆಲ್ಪ್ರಜೋಲಾಮ್, ಜೋಲ್ಪಿಡೆಮ್‌ನಂಥ ನಿದ್ರೆಯ ಔಷಧಗಳು, ಟ್ರಮಡಾಲ್‌ನಂಥ ನೋವಿನ ಔಷಧ, ಕ್ಷಯಕ್ಕೆ ಕೊಡುವ ಔಷಧಗಳು ಮತ್ತು ಪ್ರಬಲವಾದ ಹಲವು ಆಂಟಿಬಯಾಟಿಕ್‌ಗಳು 2014ರ ಮಾರ್ಚ್‌ನಿಂದ ಷೆಡ್ಯೂಲ್ ಎಚ್1ರಲ್ಲಿವೆ. ಇವುಗಳಲ್ಲಿ ಯಾವುದನ್ನು ಕೊಟ್ಟರೂ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಡ್ರಗ್ ಇನ್‌ಸ್ಪೆಕ್ಟರ್ ಬಂದಾಗ ಆ ವಹಿಯನ್ನು ಕೇಳುತ್ತಾರೆ, ದಾಸ್ತಾನಿನೊಂದಿಗೆ ತಾಳೆ ನೋಡುತ್ತಾರೆ. ನೀವು ಪ್ರಾಮಾಣಿಕರೆಂಬುದು ಅಂಗಡಿಯವರಿಗೂ ಗೊತ್ತಿರಬಹುದು. ಆದರೆ ಇದೇ ಮಾತ್ರೆಗಳನ್ನು ನಶೆಗಾಗಿ ಕೇಳಿಕೊಂಡು ಬರುವ ಹುಡುಗರು ಅದೇ ಕೌಂಟರಿಗೆ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತಾರೆ, ಕೊಡದಿದ್ದರೆ ಜಗಳಕ್ಕೇ ನಿಲ್ಲುತ್ತಾರೆ. ಮುಖ ನೋಡಿ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನುವ ಅಂಗಡಿಗಿಂತ ಎಲ್ಲರಿಗೂ ಚೀಟಿ ಕೇಳುವ ಅಂಗಡಿಯ ಮೇಲೆ ನನಗೆ ಹೆಚ್ಚು ನಂಬಿಕೆ.

ಇನ್ನು ಅರ್ಧ ಗಂಟೆ ಕಾಯಬೇಕಾದ ವಿಷಯ. ನಿಮ್ಮ ಪತ್ರ ಬಂದ ಮೇಲೆ, ಮಾಲೀಕರ ಅನುಮತಿ ಪಡೆದು, ನೀವು ಹೇಳಿದ ಅಂಗಡಿಯಲ್ಲದ ಇನ್ನೊಂದು ಕಡೆ ಒಂದು ಸಂಜೆ ಕೌಂಟರಿನ ಒಳಬದಿಯಲ್ಲಿ ಕುಳಿತಿದ್ದೆ. ನಮ್ಮ ಊರಿನ ಆಸ್ಪತ್ರೆಗಳಿಗೆ ಬರುವವರು ನಮ್ಮ ಊರಿನವರಷ್ಟೇ ಅಲ್ಲ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ದಾವಣಗೆರೆ. ಬೆಳಗಿನ ಬಸ್ಸಿಗೆ ಬಂದು, ಡಾಕ್ಟರಿಗಾಗಿ ಕಾದು, ರಕ್ತ ಪರೀಕ್ಷೆ ಮುಗಿಸಿ, ರಿಪೋರ್ಟ್ ತೋರಿಸಿ, ಕೊನೆಗೆ ಚೀಟಿ ಹಿಡಿದು ಅವರು ಅಂಗಡಿಗೆ ಬರುವಾಗ ಸಂಜೆಯಾಗಿರುತ್ತದೆ, ಊರಿನ ಬಸ್ಸಿಗೆ ಹೊತ್ತಾಗಿರುತ್ತದೆ. ದಿನವೆಲ್ಲ ಬೇರೆ ಬೇರೆ ಕಡೆ ಕಾದು ಬಂದ ಸಿಟ್ಟು ಕೊನೆಯ ಕೌಂಟರಿನ ಮೇಲೆ ಬೀಳುತ್ತದೆ. ಡಾಕ್ಟರ ಮುಂದೆ ಯಾರೂ ದನಿ ಎತ್ತುವುದಿಲ್ಲ; ಮೆಡಿಕಲ್ ಶಾಪಿನಲ್ಲಿ ಎಲ್ಲರೂ ಎತ್ತುತ್ತಾರೆ.

ಆ ಸಂಜೆ ಕಂಡ ಒಂದು ಸಂಗತಿಯನ್ನು ಹೇಳಬೇಕು. ಕೀಲುವಾತಕ್ಕೆ ಔಷಧಿ ಬರೆಸಿಕೊಂಡ ಅಜ್ಜಿಯೊಬ್ಬರು ಮೊಮ್ಮಗನೊಂದಿಗೆ ಬಂದಿದ್ದರು. ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಇತ್ತು. ಕೀಲುವಾತಕ್ಕೆ ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ಬಿ.ಪಿ. ಮಾತ್ರೆಯಂತೆ ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಸಂಚಕಾರ ಬರಬಹುದು. ಔಷಧಿ ಕೊಡುತ್ತಿದ್ದ ಯುವತಿ ಆ ಮಾತ್ರೆಯನ್ನು ಬೇರೆಯದೇ ಕಾಗದದ ಕವರಿಗೆ ಹಾಕಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಸೋಮವಾರ ಮಾತ್ರ’ ಎಂದು ಬರೆದರು. ಜೊತೆಗೆ ಬರೆದಿದ್ದ ಫೋಲಿಕ್ ಆಸಿಡ್ ಮಾತ್ರೆಯೂ ನೋಡಲು ಅದರಂತೆಯೇ ಚಿಕ್ಕದಾಗಿ ಹಳದಿ ಬಣ್ಣದ್ದಾಗಿತ್ತು. ಅದನ್ನು ಇನ್ನೊಂದು ಕವರಿಗೆ ಹಾಕಿದರು. ಆಮೇಲೆ ಅಜ್ಜಿಗೆ ಓದು ಬರದೆಂದು ಗೊತ್ತಾಗಿ, “ಈ ಗುಳಿಗಿ ಯಾವತ್ತು ತಗಂತೀರಿ ಅಜ್ಜಿ, ಹೇಳ್ರಿ ನೋಡಣ” ಎಂದರು. ಅಜ್ಜಿ “ದಿನಾ ರಾತ್ರಿ” ಎಂದರು! ಯುವತಿ ಮತ್ತೆ ಮೊದಲಿಂದ ಹೇಳಿದರು. ಅಷ್ಟರಲ್ಲಿ ಹಿಂದೆ ನಿಂತವರೊಬ್ಬರು, “ಏನ್ ಪಾಠ ಮಾಡ್ತೀರಿ ಮೇಡಂ, ನಮಗೆ ಬಸ್ಸಿಗೆ ಹೊತ್ತಾತು” ಎಂದು ಗದರಿದರು. ಅಜ್ಜಿ “ಸ್ವಾಮಾರ, ಸ್ವಾಮಾರ ಒಂದೇ ದಿನ” ಎಂದು ಸರಿಯಾಗಿ ಹೇಳುವವರೆಗೂ ಆಕೆ ಮುಂದಿನ ಚೀಟಿ ಮುಟ್ಟಲಿಲ್ಲ. ಮೊಮ್ಮಗನಿಗೂ ಬೇರೆಯಾಗಿ ಹೇಳಿದರು. ಇದೆಲ್ಲಕ್ಕೂ ಹಿಡಿದದ್ದು ಕೆಲವು ನಿಮಿಷ. ಸಾಲಿನಲ್ಲಿ ನಿಂತವರ ಲೆಕ್ಕದಲ್ಲಿ ಅದು ವ್ಯರ್ಥವಾದ ಹೊತ್ತು.

ನೀವು ಕಾದ ಅರ್ಧ ಗಂಟೆಯಲ್ಲಿ ಇಂಥದ್ದು ಎಷ್ಟಿತ್ತೋ ಕೌಂಟರಿನ ಈಚೆ ನಿಂತವರಿಗೆ ತಿಳಿಯುವುದಿಲ್ಲ. ಪೊಟ್ಟಣ ಎತ್ತಿಕೊಡುವುದು ಈ ಕೆಲಸದ ಹಗುರವಾದ ಭಾಗ. ಚೀಟಿಯ ಗೀಚು ಬರಹವನ್ನು ಬಿಡಿಸಿಕೊಳ್ಳಬೇಕು. ಒಂದೇ ಥರ ಕೇಳಿಸುವ ಎರಡು ಹೆಸರುಗಳಲ್ಲಿ ಇದು ಯಾವುದು, 5 ಮಿಲಿಗ್ರಾಮೋ 50 ಮಿಲಿಗ್ರಾಮೋ ಎಂದು ಖಚಿತಪಡಿಸಿಕೊಳ್ಳಬೇಕು. ಸಂದೇಹ ಬಂದರೆ ಡಾಕ್ಟರಿಗೆ ಫೋನ್ ಮಾಡಬೇಕು, ಅವರು ರೋಗಿಗಳ ನಡುವೆ ಫೋನ್ ಎತ್ತಬೇಕು. ಮೂತ್ರಪಿಂಡದ ತೊಂದರೆಗೆ ಔಷಧಿ ತೆಗೆದುಕೊಳ್ಳುವವರೇ ಮೊಣಕಾಲು ನೋವಿಗೆಂದು ಡೈಕ್ಲೊಫೆನಾಕ್ ಕೇಳಿದರೆ ಅದನ್ನು ಗುರುತಿಸಿ ತಡೆಯಬೇಕು. ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮಿನ ಸಿರಪ್ ಕೇಳಿದರೆ ಕೊಡುವುದಿಲ್ಲ ಎನ್ನಬೇಕು; 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸ್ಪಷ್ಟ ಸಲಹೆ ನೀಡಿದ ಮೇಲೂ ‘ಹೋದ ವರ್ಷ ಇಲ್ಲೇ ಒಯ್ದಿದ್ದೆ’ ಎಂದು ವಾದಿಸುವವರಿಗೆ ಕೊರತೆಯಿಲ್ಲ. ಹತ್ತರ ಸ್ಟ್ರಿಪ್‌ನಲ್ಲಿ ನಾಲ್ಕು ಮಾತ್ರೆ ಸಾಕೆಂದರೆ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ತಿಂಗಳು ಅಚ್ಚಾದ ತುದಿ ಉಳಿದ ಭಾಗದಲ್ಲೇ ಇರುವಂತೆ ಕತ್ತರಿಸಬೇಕು, ಇಲ್ಲದಿದ್ದರೆ ಆ ಆರು ಮಾತ್ರೆ ಯಾವಾಗಿನವೆಂದು ಯಾರಿಗೂ ಗೊತ್ತಾಗದು. ಇದರ ನಡುವೆ ವಾಟ್ಸ್‌ಆ್ಯಪ್‌ನಲ್ಲಿ ಚೀಟಿಯ ಫೋಟೊ ಬರುತ್ತದೆ, ‘ಐದು ನಿಮಿಷದಲ್ಲಿ ಬರ್ತೀನಿ, ಕಟ್ಟಿಡ್ರಿ’ ಎಂಬ ಧ್ವನಿ ಸಂದೇಶವೂ ಬರುತ್ತದೆ. ಕಂಪನಿಯ ರೆಪ್ ಬದಿಯಲ್ಲಿ ನಿಂತು ಹೊಸ ಆರ್ಡರ್ ಕೇಳುತ್ತಾರೆ. ಸ್ಟಾಕಿಸ್ಟ್‌ನ ಹುಡುಗ ಡಬ್ಬಿ ಇಳಿಸಿ ಸಹಿ ಕೇಳುತ್ತಾನೆ. ಕರೆಂಟ್ ಹೋದರೆ ಇನ್ಸುಲಿನ್ ಇರುವ ಫ್ರಿಡ್ಜ್ 2ರಿಂದ 8 ಡಿಗ್ರಿಯೊಳಗೆ ಇದೆಯೇ ಎಂದು ನೋಡಬೇಕು. 2025ರ ಸೆಪ್ಟೆಂಬರ್ 22ರಂದು ಹೆಚ್ಚಿನ ಔಷಧಗಳ ಜಿ.ಎಸ್.ಟಿ. 12ರಿಂದ ಶೇ 5ಕ್ಕೆ ಇಳಿದಾಗ, ಡಬ್ಬಿಯ ಮೇಲೆ ಹಳೆಯ ಬೆಲೆ, ಬಿಲ್ಲಿನಲ್ಲಿ ಹೊಸ ಬೆಲೆ ಎಂಬ ಗೊಂದಲವನ್ನು ಗಿರಾಕಿಗಳಿಗೆ ವಿವರಿಸುವ ಭಾರವೂ ಇದೇ ಕೌಂಟರಿನ ಮೇಲೆ ಬಿತ್ತು.

ಹಾಗಾದರೆ ಇನ್ನಿಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಾರದೇ ಎಂದು ನೀವು ಕೇಳಬಹುದು. ಇಲ್ಲಿ ನಮ್ಮ ಪಾಲೂ ಇದೆ. ಬೆಲೆ ನಿಯಂತ್ರಣಕ್ಕೊಳಪಟ್ಟ ಔಷಧಗಳ ಗರಿಷ್ಠ ಬೆಲೆಯನ್ನು ಗೊತ್ತುಪಡಿಸುವಾಗ ಚಿಲ್ಲರೆ ಅಂಗಡಿಗೆ ಬಿಡುವ ಲಾಭಾಂಶ 2013ರ ಬೆಲೆ ನಿಯಂತ್ರಣ ಆದೇಶದಂತೆ ಶೇ 16. ಬಾಡಿಗೆ, ಕರೆಂಟು, ಸಂಬಳ, ಅವಧಿ ಮುಗಿದು ಕಂಪನಿ ವಾಪಸು ಪಡೆಯದ ಸರಕು, ಉದ್ರಿ ಬಿದ್ದ ಬಾಕಿ, ಎಲ್ಲವೂ ಅದರಿಂದಲೇ ಹೋಗಬೇಕು. ಅದರ ಮೇಲೆ ನಾವು, ಎದುರಿನ ಅಂಗಡಿಯಲ್ಲಿ ಶೇ 10 ಬಿಡುತ್ತಾರೆ, ಮೊಬೈಲಿನಲ್ಲಿ ತರಿಸಿದರೆ ಶೇ 20 ಬಿಡುತ್ತಾರೆ ಎಂದು ಚೌಕಾಸಿ ಮಾಡುತ್ತೇವೆ. ಆ ಬಿಡುವಳಿಯ ಹಣ ಎಲ್ಲಿಂದಲೋ ಬರಬೇಕಲ್ಲ. ಹೆಚ್ಚಿನ ಸಣ್ಣ ಅಂಗಡಿಗಳಲ್ಲಿ ಅದು ಬರುವುದು ಕೌಂಟರಿನ ಹಿಂದೆ ನಿಂತವರ ಸಂಖ್ಯೆಯಿಂದ ಮತ್ತು ಅವರ ಸಂಬಳದಿಂದ. ಬೆಳಗ್ಗೆ ಅಂಗಡಿ ತೆರೆದವರೇ ರಾತ್ರಿ ಶಟರ್ ಎಳೆಯುವುದು ಈ ಊರಿನಲ್ಲಿ ಸಾಮಾನ್ಯ. ಅಂಗಡಿ ನೌಕರರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬುದು 1961ರ ಕರ್ನಾಟಕ ಅಂಗಡಿಗಳ ಕಾಯ್ದೆಯ ಮಿತಿ; ಊಟಕ್ಕೆ ಕುಳಿತವರನ್ನು ಎಬ್ಬಿಸಿ ಔಷಧಿ ಕೇಳುವ ನಮಗೆ ಅದು ನೆನಪಿರುವುದಿಲ್ಲ. ನಾನು ಕಂಡ ಯುವತಿ ಮಧ್ಯಾಹ್ನದ ಡಬ್ಬಿಯನ್ನು ಬಿಚ್ಚಿದ್ದು ಸಂಜೆ ಐದರ ಮೇಲೆ, ಅದೂ ನಿಂತುಕೊಂಡೇ.

ಅಂಗಡಿಯವರ ಪರವಾಗಿ ಇಷ್ಟು ಹೇಳಿದ ಮೇಲೆ ಅವರ ವಿರುದ್ಧವೂ ಒಂದು ಮಾತನ್ನು ಹೇಳದಿದ್ದರೆ ನ್ಯಾಯವಾಗದು. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ನಿನಂತೆ ವೈದ್ಯರ ಚೀಟಿಗೆ ಔಷಧಿ ಕೊಡುವ ಅಧಿಕಾರ ಇರುವುದು ನೋಂದಾಯಿತ ಫಾರ್ಮಸಿಸ್ಟ್‌ಗೆ ಮಾತ್ರ. ಡಿ.ಫಾರ್ಮಾ ಅಥವಾ ಬಿ.ಫಾರ್ಮಾ ಓದಿ, ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದವರು ಅವರು. ಆದರೆ ಗೋಡೆಯ ಮೇಲೆ ಸರ್ಟಿಫಿಕೇಟ್ ತೂಗುಹಾಕಿ, ಅದರ ಒಡೆಯರಿಗೆ ತಿಂಗಳಿಗಿಷ್ಟೆಂದು ಕೊಟ್ಟು, ಕೌಂಟರಿನಲ್ಲಿ ಓದಿಲ್ಲದ ಹುಡುಗರನ್ನು ನಿಲ್ಲಿಸುವ ಅಂಗಡಿಗಳು ಎಲ್ಲ ಊರಿನಲ್ಲೂ ಇವೆ. ಆ ಹುಡುಗರು ಚುರುಕಾಗಿರುತ್ತಾರೆ, ನಗುನಗುತ್ತಾ ಮಾತನಾಡುತ್ತಾರೆ, ಕೇಳಿದ್ದನ್ನು ಕೇಳಿದಷ್ಟು ಕೊಡುತ್ತಾರೆ. ಅಲ್ಲಿ ನಿಮಗೆ ಅರ್ಧ ಗಂಟೆ ಕಾಯುವ ಪ್ರಮೇಯವೇ ಬರುತ್ತಿರಲಿಲ್ಲ, ನಿದ್ರೆ ಮಾತ್ರೆಯೂ ಸಿಗುತ್ತಿತ್ತು. ದೂರು ಕೊಡಬೇಕಾದದ್ದು ಅಂಥವರ ಮೇಲೆ.

ಯಾರಿಗೆ ದೂರಬೇಕು ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇದರಲ್ಲೇ ಇದೆ. ಫಾರ್ಮಸಿಸ್ಟ್ ಇಲ್ಲದಿದ್ದರೆ, ಬಿಲ್ ಕೊಡದಿದ್ದರೆ, ಅವಧಿ ಮುಗಿದ ಔಷಧಿ ಮಾರಿದ್ದರೆ, ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಂಡಿದ್ದರೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ಲಿಖಿತ ದೂರು ಕೊಡಿ. ಬಿಲ್ಲಿನ ಪ್ರತಿ ಜೊತೆಗಿರಲಿ. ಚೀಟಿ ಕೇಳಿದ್ದಕ್ಕೆ ದೂರು ಕೊಡಲು ಬರುವುದಿಲ್ಲ.

ನಿಮ್ಮ ಮನೆಯವರ ಔಷಧಿಯ ಮಟ್ಟಿಗೆ ಎರಡು ಕೆಲಸ ಮಾಡಬಹುದು. ವೈದ್ಯರು ಔಷಧಗಳನ್ನು ಅವುಗಳ ಮೂಲ ಹೆಸರಿನಲ್ಲಿ, ಸ್ಪಷ್ಟವಾಗಿ, ಸಾಧ್ಯವಾದರೆ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ತನ್ನ ನಿಯಮವನ್ನು ತಿದ್ದಿತ್ತು. ಮುಂದಿನ ಸಲ ಹೋದಾಗ ಬಿ.ಪಿ. ಮಾತ್ರೆಯನ್ನು ಕಂಪನಿಯ ಹೆಸರಿನ ಬದಲು ಹಾಗೆ ಬರೆದುಕೊಡಿರೆಂದು ಕೇಳಿ. ಆಗ ಯಾವ ಕಂಪನಿಯದು ಇದ್ದರೂ ಅಂಗಡಿಯವರು ನಿಯಮ ಮೀರದೆ ಕೊಡಬಹುದು. ಜನೌಷಧಿ ಕೇಂದ್ರದಲ್ಲಿ ಅದೇ ಔಷಧ ಕಡಿಮೆ ಬೆಲೆಗೂ ಸಿಗುತ್ತದೆ. ದಿನವೂ ತೆಗೆದುಕೊಳ್ಳುವ ಮಾತ್ರೆಗಳಿಗೆ ‘ಇಷ್ಟು ತಿಂಗಳವರೆಗೆ ಮತ್ತೆ ಕೊಡಬಹುದು’ ಎಂದೂ ಅದೇ ಚೀಟಿಯಲ್ಲಿ ಬರೆಸಿಕೊಳ್ಳಿ. ನಿದ್ರೆ ಮಾತ್ರೆಯ ವಿಷಯದಲ್ಲಿ ಮಾತ್ರ ಹಾಗೆ ಬರೆಸಿಕೊಳ್ಳುವ ಮೊದಲು, ಅದು ಇನ್ನೂ ಬೇಕೇ ಎಂಬುದನ್ನು ವೈದ್ಯರೊಂದಿಗೆ ಕೇಳಿ ನೋಡಿ. ವರ್ಷಗಟ್ಟಲೆ ನುಂಗುವುದಕ್ಕಾಗಿ ಅವರು ಅದನ್ನು ಬರೆದಿರಲಾರರು. ಇಷ್ಟು ದಿನ ತೆಗೆದುಕೊಂಡದ್ದನ್ನು ಒಮ್ಮೆಲೇ ನಿಲ್ಲಿಸುವುದೂ ಬೇಡ. ಅಂಗಡಿಗೆ ಸಂಜೆಯ ಬದಲು ಬೆಳಗ್ಗೆ ಹನ್ನೊಂದರೊಳಗೆ ಹೋದರೆ ಸಾಲು ಚಿಕ್ಕದಿರುತ್ತದೆ, ನಿಮ್ಮ ಪ್ರಶ್ನೆಗಳಿಗೆ ಸಮಾಧಾನದ ಉತ್ತರವೂ ಸಿಕ್ಕೀತು.

ಇತಿ,
ಸಂಪಾದಕ