ಓದುಗರ ಪ್ರಶ್ನೆ: ಅಮೆರಿಕದ ಕಾಲೇಜು ಸಾಕರ್‌ನಲ್ಲಿ ಮುಖ್ಯ ಕೋಚ್ ಆಗುವುದು

ಈ ಸಲದ ಪ್ರಶ್ನೆಗಳೆಲ್ಲ ಅಮೆರಿಕದ ಕಾಲೇಜುಗಳ ಪುರುಷರ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ತಂಡಗಳಿಗೆ, ಅದರಲ್ಲೂ ಆ ತಂಡ ನಡೆಸುವ ಮುಖ್ಯ ಕೋಚ್‌ನ ವೃತ್ತಿಗೆ ಸಂಬಂಧಿಸಿದವು.

ಪ್ರಶ್ನೆ: ಸರ್, ಅಮೆರಿಕದ ಸಣ್ಣ ಕಾಲೇಜೊಂದರಲ್ಲಿ ನಾಲ್ಕು ವರ್ಷ ಸಾಕರ್ ಆಡಿದ್ದೇನೆ, ಈಗ ಡಿಗ್ರಿ ಮುಗಿಯುತ್ತಿದೆ. ಮುಂದೆ ಮುಖ್ಯ ಕೋಚ್ ಆಗಬೇಕೆಂಬ ಆಸೆ. ಕೋಚಿಂಗ್ ಲೈಸೆನ್ಸ್ ಮೊದಲು ಮಾಡಿಕೊಳ್ಳಲೇ, ಕೆಲಸ ಮೊದಲು ಹುಡುಕಲೇ?

ಉತ್ತರ: ಎರಡೂ ಜೊತೆಜೊತೆಗೇ ನಡೆಯಬೇಕು, ಆದರೆ ಕೆಲಸಕ್ಕೇ ಮೊದಲ ಮಣೆ. ಹೆಚ್ಚಿನವರು ಹತ್ತುವ ಮೊದಲ ಮೆಟ್ಟಿಲು ಗ್ರ್ಯಾಜುಯೇಟ್ ಅಸಿಸ್ಟೆಂಟ್ ಹುದ್ದೆ. ಕಾಲೇಜು ನಿಮ್ಮ ಸ್ನಾತಕೋತ್ತರ ಓದಿನ ಫೀ ಮನ್ನಾ ಮಾಡಿ ಸಣ್ಣ ಸ್ಟೈಪೆಂಡ್ ಕೊಡುತ್ತದೆ, ಬದಲಿಗೆ ನೀವು ತಂಡದ ಕೆಲಸ ಮಾಡಬೇಕು. ಎರಡು ವರ್ಷ ಕಳೆದಾಗ ಕೈಯಲ್ಲಿ ಸ್ನಾತಕೋತ್ತರ ಪದವಿ ಇರುತ್ತದೆ. ಮುಖ್ಯ ಕೋಚ್ ಹುದ್ದೆಯ ಜಾಹೀರಾತುಗಳಲ್ಲಿ ಇದನ್ನು ಮತ್ತೆ ಮತ್ತೆ ಕೇಳುವುದರಿಂದ ಹಗುರವಾಗಿ ಕಾಣಬೇಡಿ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ ಕಾಲೇಜುಗಳನ್ನು ಡಿವಿಷನ್ 1 (ಎಲ್ಲಕ್ಕಿಂತ ಮೇಲಿನ ಮಟ್ಟ), 2, 3 ಎಂದು ವಿಂಗಡಿಸುತ್ತದೆ, ಎನ್‌ಎಐಎ ಸಣ್ಣ ಕಾಲೇಜುಗಳ ಇನ್ನೊಂದು ಸಂಸ್ಥೆ. ಇಂಥ ಹುದ್ದೆಗಳನ್ನು ಡಿವಿಷನ್ 2, ಡಿವಿಷನ್ 3 ಮತ್ತು ಎನ್‌ಎಐಎ ಕಾಲೇಜುಗಳಲ್ಲಿ ಹುಡುಕಿ. ಡಿವಿಷನ್ 1ರಲ್ಲಿ ಹಿಂದೆ ಸಂಬಳವಿಲ್ಲದ 'ವಾಲಂಟಿಯರ್ ಕೋಚ್' ಎಂಬ ವರ್ಗವಿತ್ತು. 2023ರ ಜುಲೈನಿಂದ ಎನ್‌ಸಿಎಎ ಅದನ್ನು ತೆಗೆದುಹಾಕಿದೆ. ಹಾಗೆಂದು ಎಲ್ಲೆಡೆ ಹೊಟ್ಟೆ ತುಂಬುವಷ್ಟು ಸಂಬಳ ಸಿಗುತ್ತದೆ ಎಂದುಕೊಳ್ಳಬೇಡಿ. ಎಷ್ಟು ಕೊಡುತ್ತಾರೆ, ಎಷ್ಟು ತಿಂಗಳಿಗೆ ಕೊಡುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಯುಎಸ್ ಸಾಕರ್ (ಅಮೆರಿಕದ ರಾಷ್ಟ್ರೀಯ ಸಾಕರ್ ಸಂಸ್ಥೆ) ಕೊಡುವ ಲೈಸೆನ್ಸ್‌ಗಳು ಗ್ರಾಸ್‌ರೂಟ್ಸ್ ಎಂಬ ತಳಮಟ್ಟದ ಕೋರ್ಸ್‌ಗಳಿಂದ ಶುರುವಾಗಿ ಡಿ, ಸಿ, ಬಿ, ಎ ಎಂದು ಮೇಲೇರುತ್ತವೆ. ಡಿ ಮತ್ತು ಸಿ ಅನ್ನು ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆಗಿರುವಾಗಲೇ ಮುಗಿಸಬಹುದು. ಬಿ ಲೈಸೆನ್ಸ್‌ಗೆ ಅವಸರ ಬೇಡ. ಮೇಲಿನ ಕೋರ್ಸ್‌ಗಳಲ್ಲಿ ನಿಮ್ಮದೇ ತಂಡದ ಜೊತೆ ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ತೋರಿಸಬೇಕಾಗುತ್ತದೆ. ತಂಡವೇ ಇಲ್ಲದೆ ಹೋದರೆ ಸರ್ಟಿಫಿಕೇಟ್ ಬಂದೀತು, ಕಲಿಕೆ ಆಗದು. ಯುನೈಟೆಡ್ ಸಾಕರ್ ಕೋಚಸ್ ಸಂಘ ಪ್ರತಿ ಜನವರಿಯಲ್ಲಿ ಸಮ್ಮೇಳನ ನಡೆಸುತ್ತದೆ. ಸೀಸನ್ ನವೆಂಬರ್-ಡಿಸೆಂಬರ್‌ನಲ್ಲಿ ಮುಗಿಯುವುದರಿಂದ ಹುದ್ದೆಗಳು ಖಾಲಿಯಾಗುವುದೂ ತುಂಬುವುದೂ ಸರಿಯಾಗಿ ಆ ಹೊತ್ತಿಗೇ, ಆದ್ದರಿಂದ ತಪ್ಪಿಸಿಕೊಳ್ಳಬೇಡಿ.

ಅಸಿಸ್ಟೆಂಟ್ ಆಗಿರುವಾಗ ಕಲಿಯಲೇಬೇಕಾದ ವಿದ್ಯೆ ಹುಡುಗರನ್ನು ಆರಿಸುವುದು, ಅಂದರೆ ರಿಕ್ರೂಟಿಂಗ್. ಕ್ಲಬ್ ಟೂರ್ನಿಯ ಅಂಚಿನಲ್ಲಿ ನಿಂತು 'ಚೆನ್ನಾಗಿ ಆಡುತ್ತಾನೆ' ಎಂದು ಬರೆದುಕೊಂಡರೆ ಮುಖ್ಯ ಕೋಚ್‌ಗೆ ನಯಾಪೈಸೆ ಉಪಯೋಗವಿಲ್ಲ. '14ನೇ ನಂಬರ್, ಎಡಗಾಲು. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆ. ಚೆಂಡು ಕಳೆದುಕೊಂಡರೆ ತಕ್ಷಣ ಹಿಂದಕ್ಕೆ ಓಡುತ್ತಾನೆ, ಆದರೆ 70ನೇ ನಿಮಿಷದ ನಂತರ ಓಡಲಿಲ್ಲ. ಹೊರಗೆ ಕರೆದಾಗ ಬದಲಿ ಆಟಗಾರನ ಕೈ ತಟ್ಟಿ ಬಂದ' ಎಂದು ಬರೆದರೆ ಅದು ಕೆಲಸಕ್ಕೆ ಬರುವ ಟಿಪ್ಪಣಿ. ಒಬ್ಬನನ್ನು ಕನಿಷ್ಠ ಎರಡು ಪಂದ್ಯಗಳಲ್ಲಿ ನೋಡಿ, ಒಂದು ಅವನ ತಂಡ ಸೋಲುತ್ತಿರುವ ಪಂದ್ಯವಾಗಿರಲಿ. ಡಿವಿಷನ್ 1ರಲ್ಲಿ ಹುಡುಗನ ಹೈಸ್ಕೂಲಿನ ಎರಡನೇ ವರ್ಷ ಮುಗಿದ ಜೂನ್ 15ಕ್ಕೆ ಮುಂಚೆ ಅವನೊಂದಿಗೆ ನೇರ ಸಂಪರ್ಕ ಮಾಡುವಂತಿಲ್ಲ, ಕಾಲೇಜಿನ ಖರ್ಚಿನ ಅಧಿಕೃತ ಭೇಟಿ ಮೂರನೇ ವರ್ಷಕ್ಕೆ ಮುಂಚಿನ ಆಗಸ್ಟ್ 1ರಿಂದ. ಈ ತಾರೀಖುಗಳು ಬಾಯಿಪಾಠ ಆಗಿರಬೇಕು.

ನಂತರದ ಹೆಜ್ಜೆಯ ಬಗ್ಗೆ ನಮ್ಮ ಅಭಿಪ್ರಾಯ ಖಚಿತ: ದೊಡ್ಡ ವಿಶ್ವವಿದ್ಯಾಲಯದಲ್ಲಿ ಮೂರನೇ ಸಾಲಿನ ಅಸಿಸ್ಟೆಂಟ್ ಆಗಿ ವರ್ಷಗಟ್ಟಲೆ ಕೋನ್ ಜೋಡಿಸುವುದಕ್ಕಿಂತ ಡಿವಿಷನ್ 2 ಅಥವಾ 3ರಲ್ಲಿ ಬೇಗ ಮುಖ್ಯ ಕೋಚ್ ಆಗುವುದು ಒಳ್ಳೆಯದು. ಬಜೆಟ್, ಬಸ್ಸು, ಪೋಷಕರ ಸಿಟ್ಟು, ಸೋಲಿನ ಮರುದಿನದ ಮೀಟಿಂಗ್, ಇವೆಲ್ಲ ಅಲ್ಲಿ ನಿಮ್ಮ ತಲೆ ಮೇಲೇ ಬೀಳುತ್ತವೆ. ಕ್ರಿಸ್ ಗ್ರಾಸಿ ಡಿವಿಷನ್ 2ರ ಯೂನಿವರ್ಸಿಟಿ ಆಫ್ ಚಾರ್ಲ್ಸ್‌ಟನ್ ತಂಡವನ್ನು ಕಟ್ಟಿ, 2017ರಲ್ಲಿ ಡಿವಿಷನ್ 1ರ ಮಾರ್ಷಲ್ ವಿಶ್ವವಿದ್ಯಾಲಯಕ್ಕೆ ಹೋದರು. ಕೋವಿಡ್‌ನಿಂದ 2021ರ ವಸಂತಕ್ಕೆ ಮುಂದೂಡಲಾದ ಡಿವಿಷನ್ 1 ಚಾಂಪಿಯನ್‌ಶಿಪ್‌ನ ಫೈನಲ್‌ನಲ್ಲಿ ಅವರ ತಂಡ ಇಂಡಿಯಾನಾ ವಿಶ್ವವಿದ್ಯಾಲಯವನ್ನು ಸೋಲಿಸಿತು. ಇನ್ನೊಂದು ದಾರಿಯೂ ಇದೆ. ಕೇಲೆಬ್ ಪೋರ್ಟರ್ ಇಂಡಿಯಾನಾದಲ್ಲಿ ಜೆರ್ರಿ ಯೇಗ್ಲಿ ಅವರ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದು, 2006ರಲ್ಲಿ ಆಕ್ರನ್ ವಿಶ್ವವಿದ್ಯಾಲಯಕ್ಕೆ ಮುಖ್ಯ ಕೋಚ್ ಆಗಿ ಹೋಗಿ 2010ರಲ್ಲಿ ಚಾಂಪಿಯನ್ ಆದರು. ಅಸಿಸ್ಟೆಂಟ್ ಆಗಿಯೇ ಉಳಿಯುವುದಾದರೆ ಅಂಥ ಗುರುವಿನ ಬಳಿ ಉಳಿಯಿರಿ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲಿ ಹೈಸ್ಕೂಲ್ ಓದುತ್ತಿದ್ದಾನೆ. ಒಬ್ಬ ಕೋಚ್ 'ಸ್ಕಾಲರ್‌ಶಿಪ್ ಕೊಡುತ್ತೇವೆ' ಎಂದಿದ್ದಾರೆ. ಪೂರ್ತಿ ಸಿಗುತ್ತದೆಯೇ? ಕೋಚ್‌ಗಳು ಇದನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಉತ್ತರ: ಪೂರ್ತಿ ಸಿಗುವುದು ಬಹಳ ಅಪರೂಪ. ಪುರುಷರ ಸಾಕರ್‌ಗೆ ಡಿವಿಷನ್ 1ರಲ್ಲಿ ತಂಡಕ್ಕೆ 9.9 ಪೂರ್ಣ ಸ್ಕಾಲರ್‌ಶಿಪ್‌ಗಳ ಮಿತಿ ಇತ್ತು, ಡಿವಿಷನ್ 2ರಲ್ಲಿ 9. ಡಿವಿಷನ್ 3ರಲ್ಲಿ ಕ್ರೀಡೆಗಾಗಿ ಒಂದು ಡಾಲರ್ ಕೂಡ ಕೊಡುವಂತಿಲ್ಲ, ಹಾರ್ವರ್ಡ್, ಯೇಲ್ ಇರುವ ಐವಿ ಲೀಗ್ ಗುಂಪಿನ ಕಾಲೇಜುಗಳೂ ಕೊಡುವುದಿಲ್ಲ. 2025ರ ಜೂನ್‌ನಲ್ಲಿ, ಆಟಗಾರರಿಗೆ ಹಣ ಕೊಡುವ ಬಗ್ಗೆ ಎನ್‌ಸಿಎಎ ವಿರುದ್ಧ ಹೂಡಿದ್ದ 'ಹೌಸ್' ಮೊಕದ್ದಮೆಯ ಒಪ್ಪಂದಕ್ಕೆ ಕೋರ್ಟು ಒಪ್ಪಿಗೆ ಕೊಟ್ಟ ಮೇಲೆ, ಅದನ್ನು ಸ್ವೀಕರಿಸಿದ ಡಿವಿಷನ್ 1 ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮಿತಿ ಹೋಗಿ, ತಂಡದಲ್ಲಿ 28 ಜನರಷ್ಟೇ ಇರಬೇಕೆಂಬ ಮಿತಿ ಬಂತು. ಮಿತಿ ಹೋದ ಮಾತ್ರಕ್ಕೆ ಹಣ ಬಂತೆಂದಲ್ಲ. ಆಟಗಾರರಿಗೆ ನೇರವಾಗಿ ಹಂಚುವ ಹೊಸ ಹಣದ ದೊಡ್ಡ ಪಾಲು ಅಮೆರಿಕನ್ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಕಡೆ ಹರಿಯುತ್ತದೆ. ಅನೇಕ ಸಾಕರ್ ಕೋಚ್‌ಗಳ ಬಳಿ ಇರುವುದು ಹಳೆಯ ಹಣವೇ.

ಲೆಕ್ಕ ಹೀಗೆ. ಒಂದು ಖಾಸಗಿ ವಿಶ್ವವಿದ್ಯಾಲಯದ ವರ್ಷದ ಒಟ್ಟು ಖರ್ಚು 60,000 ಡಾಲರ್ ಎಂದಿಟ್ಟುಕೊಳ್ಳಿ. 9.9 ಸ್ಕಾಲರ್‌ಶಿಪ್ ಅಂದರೆ 5,94,000 ಡಾಲರ್. ಅದನ್ನು 28 ಜನರಿಗೆ ಸಮನಾಗಿ ಹಂಚಿದರೆ ತಲಾ ಸುಮಾರು 21,200, ಅಂದರೆ ಶೇ 35. ಸಮನಾಗಿ ಯಾರೂ ಹಂಚುವುದಿಲ್ಲ. ಸೆಂಟರ್ ಬ್ಯಾಕ್, ಗೋಲ್‌ಕೀಪರ್, ಗೋಲು ಹೊಡೆಯುವವನು, ಈ ಬೆನ್ನೆಲುಬಿನ ಸ್ಥಾನಗಳಿಗೆ ಹೆಚ್ಚು ಹೋಗುತ್ತದೆ. ನಿಮ್ಮ ಮಗನಿಗೆ ಅಂಕಗಳ ಆಧಾರದ ಮೇಲೆ ಕಾಲೇಜು 18,000 ಕೊಟ್ಟು, ಕೋಚ್ ಶೇ 40 ಅಂದರೆ 24,000 ಕೊಟ್ಟರೆ, ನೀವು ಕಟ್ಟಬೇಕಾದ್ದು 18,000. ಅದಕ್ಕೇ ಕೋಚ್ ಮೊದಲ ಫೋನಿನಲ್ಲೇ ಅಂಕಪಟ್ಟಿ ಕೇಳುತ್ತಾರೆ. ಓದುವ ಹುಡುಗ ಕೋಚ್‌ಗೆ ಹಣ ಉಳಿಸಿಕೊಡುವ ಹುಡುಗ. ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಸುತ್ತು ಇದೆ: ಅದೇ ರಾಜ್ಯದವನಿಗೆ ಖರ್ಚು 30,000, ಹೊರರಾಜ್ಯದವನಿಗೆ 60,000 ಇದ್ದರೆ, ಇಬ್ಬರಿಗೂ ಶೇ 50 ಕೊಟ್ಟಾಗ 9.9ರ ಲೆಕ್ಕದಲ್ಲಿ ಇಬ್ಬರೂ 0.5, ಆದರೆ ಬಜೆಟ್‌ನಿಂದ ಹೋಗುವುದು ಒಬ್ಬನಿಗೆ 15,000, ಇನ್ನೊಬ್ಬನಿಗೆ 30,000. ಕೋಚ್ ಎರಡು ಲೆಕ್ಕಪುಸ್ತಕ ಬೇರೆಬೇರೆ ಇಡಬೇಕು. ಒಂದನ್ನೇ ನೋಡಿಕೊಂಡು ಕೂತವರು ಏಪ್ರಿಲ್ ಹೊತ್ತಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಾಗದೆ ಸಿಕ್ಕಿಹಾಕಿಕೊಳ್ಳುತ್ತಾರೆ.

ನೀವು ಕೇಳಬೇಕಾದ್ದು: ಈ ನೆರವು ಒಂದು ವರ್ಷಕ್ಕೋ ಹಲವು ವರ್ಷಕ್ಕೋ? ಗಾಯವಾಗಿ ಆಡಲಾಗದಿದ್ದರೆ ಏನಾಗುತ್ತದೆ? 28ರ ಮಿತಿಯಲ್ಲಿ ಅವನ ಜಾಗ ಖಚಿತವೇ? ಹಿಂದೆ ಇದ್ದ 'ನ್ಯಾಷನಲ್ ಲೆಟರ್ ಆಫ್ ಇಂಟೆಂಟ್' (ಆಟಗಾರ ಒಂದು ಕಾಲೇಜಿಗೆ ಬದ್ಧನಾಗಿ ಸಹಿ ಹಾಕುವ ಪತ್ರ) ಪದ್ಧತಿ 2024ರ ಅಕ್ಟೋಬರ್‌ನಲ್ಲಿ ರದ್ದಾಗಿದೆ. ಈಗ ಬೆಲೆಯಿರುವುದು ಕಾಲೇಜು ಸಹಿ ಮಾಡಿದ ಆರ್ಥಿಕ ನೆರವಿನ ಪತ್ರಕ್ಕೆ ಮಾತ್ರ. ಬಾಯಿಮಾತಿಗೆ ಕುಣಿಯಬೇಡಿ.

ಪ್ರಶ್ನೆ: ಸೀಸನ್ ನಡೆಯುವಾಗ ಕೋಚ್‌ನ ವಾರ ಹೇಗಿರುತ್ತದೆ?

ಉತ್ತರ: ಸೀಸನ್ ಆಗಸ್ಟ್ ಕೊನೆಗೆ ಶುರುವಾಗಿ ನವೆಂಬರ್‌ಗೆ ಮುಗಿಯುತ್ತದೆ, ಗೆಲ್ಲುತ್ತಾ ಹೋದವರಿಗೆ ಡಿಸೆಂಬರ್ ಮಧ್ಯದವರೆಗೆ. ಇಷ್ಟರಲ್ಲಿ ಎಲ್ಲ ಪಂದ್ಯ ತುರುಕಬೇಕಾದ್ದರಿಂದ ವಾರಕ್ಕೆ ಎರಡು ಪಂದ್ಯ ಸಾಮಾನ್ಯ. ನಿಯಮದ ಪ್ರಕಾರ ತರಬೇತಿಗೆ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ, ವಾರದಲ್ಲಿ ಒಂದು ದಿನ ರಜೆ. ಪಂದ್ಯ ಎಷ್ಟೇ ಹೊತ್ತು ನಡೆದರೂ 3 ಗಂಟೆ ಎಂದೇ ಲೆಕ್ಕ. ಹಾಗಾಗಿ ಎರಡು ಪಂದ್ಯಗಳ ವಾರದಲ್ಲಿ ಉಳಿಯುವುದು 14 ಗಂಟೆ. ವಿಡಿಯೊ ಮೀಟಿಂಗ್, ಜಿಮ್ ಎಲ್ಲ ಇದರೊಳಗೇ. ಬಸ್ ಪ್ರಯಾಣ ಇದರಲ್ಲಿ ಸೇರುವುದಿಲ್ಲ.

ಶುಕ್ರವಾರ ರಾತ್ರಿ ಮತ್ತು ಮಂಗಳವಾರ ಪಂದ್ಯ ಇದ್ದರೆ: ಶನಿವಾರ ಹೆಚ್ಚು ಹೊತ್ತು ಆಡಿದವರಿಗೆ 25 ನಿಮಿಷ ಸೈಕಲ್ ಅಥವಾ ಈಜುಕೊಳ, ಆಡದೇ ಕೂತವರಿಗೆ ಸಣ್ಣ ಮೈದಾನದಲ್ಲಿ ನಾಲ್ವರ ವಿರುದ್ಧ ನಾಲ್ವರ ಬಿರುಸಿನ ಆಟ. ಇದನ್ನು ಬಿಟ್ಟರೆ ಬೆಂಚಿನವರ ದಮ್ಮು ಅಕ್ಟೋಬರ್‌ಗೆ ಇಳಿದುಹೋಗಿ, ಮುಖ್ಯ ಆಟಗಾರನ ತೊಡೆಯ ಸ್ನಾಯು ಹರಿದಾಗ ಬದಲಿಯೇ ಇರುವುದಿಲ್ಲ. ಭಾನುವಾರ ರಜೆ. ಸೋಮವಾರ 20 ನಿಮಿಷದ ವಿಡಿಯೊ, ಆಮೇಲೆ ಕಾರ್ನರ್ ಮತ್ತು ಫ್ರೀಕಿಕ್, ಒಟ್ಟು ಒಂದೂಕಾಲು ಗಂಟೆ ಮೀರಬಾರದು. ಬುಧವಾರ ಮತ್ತೆ ಶನಿವಾರದ ಕ್ರಮ. ಹೊಸದೇನಾದರೂ ಕಲಿಸಲು ಸಿಗುವುದು ಗುರುವಾರ ಒಂದೇ! ಆದ್ದರಿಂದ ಆಟದ ಪದ್ಧತಿಯನ್ನು ವಸಂತಕಾಲದ ತರಬೇತಿಯಲ್ಲೇ ಕೂರಿಸಿರಬೇಕು. ಪುರುಷರ ಸಾಕರ್ ಅನ್ನು ಇಡೀ ಶೈಕ್ಷಣಿಕ ವರ್ಷಕ್ಕೆ ಹರಡಿ ಎಂದು ಮೇರಿಲ್ಯಾಂಡ್‌ನ ಸಾಶೊ ಸಿರೊವ್ಸ್ಕಿ ಸೇರಿದಂತೆ ಅನೇಕ ಕೋಚ್‌ಗಳು ವರ್ಷಗಳಿಂದ ಕೇಳುತ್ತಿರುವುದು ಈ ಕಾರಣಕ್ಕೇ, ಅವರ ಮಾತು ಸರಿ.

ಒಂದು ಎಚ್ಚರಿಕೆ. 'ವಿಡಿಯೊ ಮೀಟಿಂಗ್‌ಗೆ ಇಷ್ಟವಿದ್ದರೆ ಬನ್ನಿ' ಎಂದು ಹೇಳಿ, ಯಾರು ಬಂದರೆಂದು ಗುರುತು ಹಾಕಿಕೊಂಡರೆ ಅದು ಐಚ್ಛಿಕವಲ್ಲ, ನಿಯಮ ಉಲ್ಲಂಘನೆ. 2023ರ ಜನವರಿಯಿಂದ ಅಸಿಸ್ಟೆಂಟ್ ಮಾಡಿದ ತಪ್ಪಿಗೂ ಮುಖ್ಯ ಕೋಚ್ ತಾನಾಗಿಯೇ ಹೊಣೆ.

ಪ್ರಶ್ನೆ: ಅಮೆರಿಕದಲ್ಲಿ ಅಷ್ಟೊಂದು ಕಾಲೇಜುಗಳಿದ್ದರೂ ಪುರುಷರ ಸಾಕರ್ ತಂಡಗಳು ಯಾಕೆ ಕಡಿಮೆ?

ಉತ್ತರ: 1972ರ ಟೈಟಲ್ 9 ಕಾನೂನು ಮಹಿಳೆಯರಿಗೂ ಪುರುಷರಿಗೂ ಸಮಾನ ಅವಕಾಶ ಕೇಳುತ್ತದೆ. ಅಮೆರಿಕನ್ ಫುಟ್‌ಬಾಲ್ ತಂಡವೊಂದೇ ನೂರಕ್ಕೂ ಹೆಚ್ಚು ಪುರುಷರನ್ನು ಇಟ್ಟುಕೊಳ್ಳುವುದರಿಂದ, ಸರಿದೂಗಿಸಲು ಕಾಲೇಜುಗಳು ಮಹಿಳೆಯರ ಸಾಕರ್ ತಂಡ ಕಟ್ಟಿ ಪುರುಷರದ್ದನ್ನು ಬಿಟ್ಟವು. ಎಸ್‌ಇಸಿಯಂಥ ದೊಡ್ಡ ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು) ಪುರುಷರ ಸಾಕರ್ ನಡೆಸುವುದೇ ಇಲ್ಲ. ಅದರ ಸದಸ್ಯರಾದ ಕೆಂಟಕಿ ಮತ್ತು ಸೌತ್ ಕ್ಯಾರೊಲಿನಾ ಸಾಕರ್ ಮಟ್ಟಿಗೆ ಸನ್ ಬೆಲ್ಟ್ ಎಂಬ ಬೇರೆ ಕಾನ್ಫರೆನ್ಸ್‌ನಲ್ಲಿ ಆಡುತ್ತವೆ. ತಪ್ಪು ಕಾನೂನಿನದ್ದಲ್ಲ, ಹಣ ಎಲ್ಲಿ ಸುರಿಯಬೇಕೆಂದು ಕಾಲೇಜುಗಳು ಮಾಡಿಕೊಂಡ ಆಯ್ಕೆಯದ್ದು.

ಪ್ರಶ್ನೆ: ಸತತವಾಗಿ ಗೆಲ್ಲುವ ಕೋಚ್ ಕೂಡ ಕೆಲಸ ಕಳೆದುಕೊಳ್ಳುವುದುಂಟೇ?

ಉತ್ತರ: ಉಂಟು. ಅಥ್ಲೆಟಿಕ್ ಡೈರೆಕ್ಟರ್ (ಕಾಲೇಜಿನ ಕ್ರೀಡಾ ವಿಭಾಗದ ಮುಖ್ಯಸ್ಥರು) ಬದಲಾದರೆ ಹೊಸಬರು ತಮ್ಮವರನ್ನು ತರಬಹುದು. ಹಲವು ವರ್ಷಗಳ ಕರಾರು ಇದ್ದರೂ ಅದರಲ್ಲಿ ಬರೆದ ಪರಿಹಾರ ಕೊಟ್ಟು ಕಳಿಸಲು ಅವಕಾಶ ಇರುತ್ತದೆ. ಆ ಮೊತ್ತ ಎಷ್ಟು, ಬೇರೆ ಕೆಲಸ ಸಿಕ್ಕರೆ ಅದು ನಿಲ್ಲುತ್ತದೆಯೇ, ಅಸಿಸ್ಟೆಂಟ್‌ಗಳಿಗೆ ಎಷ್ಟು ತಿಂಗಳ ಸಂಬಳ ಎಂಬ ಮೂರು ಸಾಲುಗಳನ್ನು ಸಹಿಗೆ ಮುಂಚೆ ವಕೀಲರಿಗೆ ತೋರಿಸಿ.

ಇನ್ನೊಂದು ಕಾರಣ ಓದು. ಡಿವಿಷನ್ 1ರಲ್ಲಿ ನೆರವು ಪಡೆಯುವ ಪ್ರತಿ ಆಟಗಾರನಿಗೆ ಸೆಮಿಸ್ಟರ್‌ಗೆ ಎರಡು ಅಂಕ: ಅರ್ಹನಾಗಿ ಉಳಿದರೆ ಒಂದು, ಕಾಲೇಜಿನಲ್ಲಿ ಉಳಿದರೆ ಒಂದು. ಇದೇ ಎಪಿಆರ್, ಅಂದರೆ ತಂಡದ ಓದಿನ ಪ್ರಗತಿಯ ಅಳತೆ. 1,000ಕ್ಕೆ ತಂಡದ ನಾಲ್ಕು ವರ್ಷಗಳ ಸರಾಸರಿ 930ಕ್ಕಿಂತ ಕೆಳಗಿಳಿದರೆ ಚಾಂಪಿಯನ್‌ಶಿಪ್‌ಗೆ ಪ್ರವೇಶವಿಲ್ಲ. ಫೇಲಾಗಿ ಬಿಟ್ಟುಹೋದ ಇಬ್ಬರು ಮೂವರು ಸಾಕು, ಸಣ್ಣ ತಂಡದ ಸರಾಸರಿ ಕುಸಿಯುತ್ತದೆ. ಸೆಪ್ಟೆಂಬರ್ ಕೊನೆಯಲ್ಲೇ ಪ್ರತಿಯೊಬ್ಬನ ಹಾಜರಿ ಮತ್ತು ಮೊದಲ ಪರೀಕ್ಷೆಯ ಅಂಕ ನೋಡುವ ಕೋಚ್‌ಗೆ ಡಿಸೆಂಬರ್‌ನಲ್ಲಿ ಆಘಾತ ಆಗುವುದಿಲ್ಲ.

ಮೂರನೆಯದು ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಹಾಕುವ ಆನ್‌ಲೈನ್ ಪಟ್ಟಿ. 2018ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ, ಓದಿನ ಷರತ್ತು ಪೂರೈಸಿದವನು 2024ರಿಂದ ಎಷ್ಟು ಸಲ ಕಾಲೇಜು ಬದಲಿಸಿದರೂ ತಕ್ಷಣ ಆಡಬಹುದು. ಕೊನೆಯ ಪಂದ್ಯವಾದ ವಾರದೊಳಗೆ ಪ್ರತಿ ಆಟಗಾರನ ಜೊತೆ ಒಬ್ಬೊಬ್ಬರಾಗಿ ಕೂತು, ಮುಂದಿನ ವರ್ಷ ಅವನ ಸ್ಥಾನವೇನು, ಹಣವೆಷ್ಟು ಎಂದು ನೇರವಾಗಿ ಹೇಳಬೇಕು. ಆ ಮಾತನ್ನು ಜನವರಿಗೆ ತಳ್ಳಿದರೆ, ಅಷ್ಟರಲ್ಲಿ ಬೇರೆ ಕಾಲೇಜು ಅದನ್ನು ಹೇಳಿಯಾಗಿರುತ್ತದೆ.

ಪ್ರಶ್ನೆ: ಕಾಲೇಜಿನಿಂದ ವೃತ್ತಿಪರ ಲೀಗ್‌ಗೆ ಹೋದವರಿದ್ದಾರೆಯೇ?

ಉತ್ತರ: ಇದ್ದಾರೆ. ವರ್ಜೀನಿಯಾಕ್ಕೆ 1991ರಿಂದ 1994ರವರೆಗೆ ಸತತ ನಾಲ್ಕು ಪ್ರಶಸ್ತಿ ತಂದ ಬ್ರೂಸ್ ಅರೀನಾ, 1996ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎಂಎಲ್‌ಎಸ್‌ಗೆ ಹೋಗಿ, ಆಮೇಲೆ 2002ರ ವಿಶ್ವಕಪ್‌ನಲ್ಲಿ ಅಮೆರಿಕವನ್ನು ಕ್ವಾರ್ಟರ್ ಫೈನಲ್‌ಗೆ ಒಯ್ದರು. ಯುಸಿಎಲ್‌ಎಯ ಸಿಗಿ ಶ್ಮಿಡ್, ಪ್ರಿನ್ಸ್‌ಟನ್‌ನ ಬಾಬ್ ಬ್ರಾಡ್ಲಿ ಅದೇ ಹಾದಿ ಹಿಡಿದರು. ಆಗ ಲೀಗ್ ಹೊಸತು, ಅಮೆರಿಕನ್ ಕೋಚ್‌ಗಳು ಇದ್ದದ್ದೇ ಕಾಲೇಜುಗಳಲ್ಲಿ. ಈಗ ಕ್ಲಬ್‌ಗಳಿಗೆ ತಮ್ಮದೇ ಅಕಾಡೆಮಿ, ಎರಡನೇ ತಂಡ ಇರುವುದರಿಂದ ಬಾಗಿಲು ಕಿರಿದಾಗಿದೆ. ಆಟವೂ ಬೇರೆ: ಕಾಲೇಜಿನಲ್ಲಿ ಗಡಿಯಾರ 45ರಿಂದ ಸೊನ್ನೆಗೆ ಇಳಿಯುತ್ತದೆ, ಹೊರಬಂದವನು ಎರಡನೇ ಅರ್ಧದಲ್ಲಿ ಒಮ್ಮೆ ಮರಳಬಹುದೆಂಬುದು ಬಹುಕಾಲದ ನಿಯಮ. ಆರೇಳು ಬದಲಿಗಳನ್ನು ಅಲೆಅಲೆಯಾಗಿ ಕಳಿಸಿ ಗೆದ್ದ ಕೋಚ್, ಐದೇ ಬದಲಿಗಳಿರುವಲ್ಲಿ ಮೊದಲ ಹನ್ನೊಂದರ ಆಯ್ಕೆಯನ್ನೇ ಹೊಸದಾಗಿ ಕಲಿಯಬೇಕು.

ಪ್ರಶ್ನೆ: ಅಸಿಸ್ಟೆಂಟ್ ಆಗಿ ಆರು ವರ್ಷ ಆಯಿತು. ಮೊದಲ ಸಲ ಮುಖ್ಯ ಕೋಚ್ ಹುದ್ದೆಯ ಸಂದರ್ಶನಕ್ಕೆ ಕರೆ ಬಂದಿದೆ. ಏನು ಒಯ್ಯಲಿ?

ಉತ್ತರ: ಆಟದ ತತ್ವ ವಿವರಿಸುವ 40 ಸ್ಲೈಡ್ ಬೇಡ. ಸಮಿತಿಯಲ್ಲಿ ಸಾಕರ್ ಬಲ್ಲವರು ಒಬ್ಬಿಬ್ಬರು ಇದ್ದರೆ ಹೆಚ್ಚು. ಒಂದು ಹಾಳೆ ಒಯ್ಯಿರಿ: ಈಗಿನ ತಂಡದ ಹೆಸರುಗಳು ವರ್ಷವಾರು ಮತ್ತು ಸ್ಥಾನವಾರು, ಮುಂದಿನ ಎರಡು ಬೇಸಿಗೆಗಳಲ್ಲಿ ಯಾವ ಸ್ಥಾನ ಖಾಲಿಯಾಗುತ್ತದೆ, ಅದನ್ನು ಯಾವ ಪ್ರದೇಶದ ಹುಡುಗರಿಂದ, ಯಾವ ಬಗೆಯ ನೆರವಿನಿಂದ ತುಂಬುತ್ತೀರಿ. ಕಾಲೇಜಿನ ವೆಬ್‌ಸೈಟಿನಲ್ಲಿರುವ ತಂಡದ ಪಟ್ಟಿಯಿಂದಲೇ ಇದನ್ನು ತಯಾರಿಸಬಹುದು. ಹನ್ನೊಂದು ಜನ ಒಂದೇ ವರ್ಷ ಪದವಿ ಮುಗಿಸಿ ಹೋಗುವ ತಂಡವಾದರೆ ಅದನ್ನು ನೀವೇ ಎತ್ತಿ ತೋರಿಸಿ. ಮತ್ತೊಂದು ಹಾಳೆಯಲ್ಲಿ ಮೊದಲ 90 ದಿನ: ಮೊದಲ ವಾರ ಈಗಿನ ಆಟಗಾರರೆಲ್ಲರ ಜೊತೆ ಮಾತು, ಎರಡನೇ ವಾರ ಹಿಂದಿನ ಕೋಚ್ ಮಾತು ಕೊಟ್ಟಿದ್ದ ಹುಡುಗರಿಗೆ ಫೋನು, ಆಮೇಲೆ ಪಂದ್ಯಪಟ್ಟಿ ಮತ್ತು ಬಸ್ಸಿನ ಬಜೆಟ್. ಅವರು 'ನಿಮ್ಮ ಪ್ರಶ್ನೆಗಳೇನು?' ಎಂದಾಗ ಸಂಬಳಕ್ಕಿಂತ ಮುಂಚೆ, ಇಬ್ಬರು ಅಸಿಸ್ಟೆಂಟ್‌ಗಳಿಗೆ ಪೂರ್ಣಾವಧಿ ಸಂಬಳ ಇದೆಯೇ ಎಂದು ಕೇಳಿ. ಇಲ್ಲ ಎಂದಾದರೆ ರಿಕ್ರೂಟಿಂಗ್ ಓಡಾಟವೆಲ್ಲ ನಿಮ್ಮೊಬ್ಬರ ಮೇಲೇ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಒಪ್ಪಿಕೊಳ್ಳಿ.